ನಡುವಿನ ವಿದ್ಯಾರ್ಥಿಗೆ ಏನು ಸಿಗುತ್ತದೆ ಎಂದು ಕೇಳಿ

ಸಿಇಟಿ ಫಲಿತಾಂಶ ಪ್ರಕಟವಾಗಿ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವ ಆಪ್ಷನ್ ಎಂಟ್ರಿ ಹತ್ತಿರವಾಗುತ್ತಿದ್ದಂತೆ, ಯಾವ ಕಾಲೇಜಿಗೆ ಕೊಡುವ ಹಣ ಸಾರ್ಥಕವಾಗುತ್ತದೆ ಎಂಬ ಪ್ರಶ್ನೆಯೇ ಈ ಅಂಕಣಕ್ಕೆ ಹೆಚ್ಚಾಗಿ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರನ್ನೂ ಅವರು ಪ್ರಸ್ತಾಪಿಸಿದ ಖಾಸಗಿ ಕಾಲೇಜುಗಳ ಹೆಸರನ್ನೂ ಉದ್ದೇಶಪೂರ್ವಕವಾಗಿಯೇ ಕೈಬಿಟ್ಟಿದ್ದೇವೆ.

ಪ್ರಶ್ನೆ: ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮಗೆ ಸ್ವಲ್ಪ ಅಡಿಕೆ ತೋಟವಿದೆ. ಮಗನಿಗೆ ಬಂದಿರುವ ರ‍್ಯಾಂಕಿಗೆ ನಮ್ಮ ಜಿಲ್ಲೆಯಲ್ಲೋ ಹುಬ್ಬಳ್ಳಿ ಕಡೆಯೋ ಸರ್ಕಾರಿ ಕೋಟಾದ ಎಂಜಿನಿಯರಿಂಗ್ ಸೀಟು ಸಿಗಬಹುದು. ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಅಲ್ಲಿನ ವಿದ್ಯಾರ್ಥಿಯೊಬ್ಬನಿಗೆ 40 ಲಕ್ಷದ ಪ್ಯಾಕೇಜ್ ಸಿಕ್ಕಿದೆಯಂತೆ. 8 ಲಕ್ಷ ರೂಪಾಯಿ ಬ್ಯಾಂಕ್ ಸಾಲ ಮಾಡಿ, ಉಳಿದದ್ದನ್ನು ಕೈಯಿಂದ ಹಾಕಬೇಕು. ಹೀಗೆ ಮಾಡಬಹುದೇ?

ಉತ್ತರ: ಈ ಅಂಕಣದಲ್ಲಿ ಸಾಮಾನ್ಯವಾಗಿ ನಾವು ಮಾಡು ಅಥವಾ ಬೇಡ ಎಂದು ನೇರವಾಗಿ ಹೇಳುವುದಿಲ್ಲ. ಆದರೆ ನೀವು ವಿವರಿಸಿದ ಸ್ಥಿತಿಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗಾಗಿ ಸಾಲ ಮಾಡುವುದು ಬೇಡ ಎಂಬುದೇ ನಮ್ಮ ಅಭಿಪ್ರಾಯ. ಹಾಗೆ ಹೇಳಲು ಕಾರಣವೇನೆಂಬುದನ್ನು ವಿವರವಾಗಿ ಬರೆಯುತ್ತೇವೆ, ಏಕೆಂದರೆ ಇದೇ ಲೆಕ್ಕವನ್ನು ಬೇರೆ ಕಾಲೇಜಿನ ವಿಷಯದಲ್ಲಿಯೂ ನೀವೇ ಮಾಡಿ ನೋಡಬಹುದು.

ಮೊದಲು ಆ 40 ಲಕ್ಷದ ಮಾತು. ಒಂದು ಬ್ಯಾಚಿನಲ್ಲಿ ಹತ್ತು ಮಂದಿಗೆ ಕೆಲಸ ಸಿಕ್ಕಿತೆಂದು ಭಾವಿಸಿ. ಒಂಬತ್ತು ಮಂದಿಗೆ ವರ್ಷಕ್ಕೆ 3.5 ಲಕ್ಷ, ಒಬ್ಬನಿಗೆ 40 ಲಕ್ಷ. ಆಗ ಸರಾಸರಿ ವೇತನ 7.15 ಲಕ್ಷವೆಂದು ಕಾಲೇಜು ಪ್ರಕಟಿಸಬಹುದು, ಮತ್ತು ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಎಲ್ಲರ ವೇತನವನ್ನೂ ಸಾಲಾಗಿ ಬರೆದು ನಟ್ಟನಡುವೆ ಬರುವ ಸಂಖ್ಯೆಯನ್ನು ನೋಡಿದರೆ ಅದು 3.5 ಲಕ್ಷ ಮಾತ್ರ. ಇದನ್ನೇ ಮಧ್ಯಾಂಕ ವೇತನ ಎನ್ನುವುದು. ನಿಮ್ಮ ಮಗ ಆ ಒಬ್ಬನಾಗಬಾರದೆಂದೇನೂ ಇಲ್ಲ. ಆದರೆ ಅಂಥ ಹುಡುಗ ಯಾವ ಕಾಲೇಜಿನಲ್ಲಿ ಓದಿದ್ದರೂ ಮುಂದೆ ಬರುತ್ತಿದ್ದ ಸಂಭವವೇ ಹೆಚ್ಚು. ನೀವು ಕಟ್ಟುವ ಶುಲ್ಕಕ್ಕೆ ಕಾಲೇಜು ಏನು ಕೊಡುತ್ತದೆ ಎಂಬುದು ತಿಳಿಯುವುದು ನಡುವಿನ ವಿದ್ಯಾರ್ಥಿಯಿಂದ. ಮೂಟೆಯ ಮೇಲೆ ಹರಡಿದ ಹಿಡಿ ಅಡಿಕೆಯನ್ನು ನೋಡಿ ಯಾವ ವ್ಯಾಪಾರಿಯೂ ಧಾರಣೆ ಕಟ್ಟುವುದಿಲ್ಲ, ಒಳಗೆ ಕೈ ಹಾಕಿ ತೆಗೆದು ನೋಡುತ್ತಾನೆ. ಕಾಲೇಜಿನ ವಿಷಯದಲ್ಲಿಯೂ ನೀವು ಅಷ್ಟೇ ಜಾಗರೂಕರಾಗಿರಬೇಕು.

ಈ ಸಂಖ್ಯೆ ಗುಟ್ಟಿನದೇನೂ ಅಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ (ಇದರ ಮೊದಲ ಪಟ್ಟಿ ಬಂದದ್ದು 2016ರಲ್ಲಿ) ಅರ್ಜಿ ಹಾಕುವ ಪ್ರತಿಯೊಂದು ಸಂಸ್ಥೆಯೂ ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ಕಾಲೇಜಿನ ಜಾಲತಾಣದಲ್ಲಿ ಎನ್‌ಐಆರ್‌ಎಫ್ ಎಂದು ಹುಡುಕಿದರೆ ಆ ಕಡತ ಸಿಗುತ್ತದೆ. ಅದರಲ್ಲಿ ಶ್ರೇಯಾಂಕವನ್ನು ಬದಿಗಿಟ್ಟು, ನಾಲ್ಕು ವರ್ಷದ ಪದವಿಯ ಸಾಲನ್ನು ಎಡದಿಂದ ಬಲಕ್ಕೆ ಓದಿ. ಎಷ್ಟು ಸೀಟು, ಎಷ್ಟು ಮಂದಿ ಸೇರಿದರು, ಅವರಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷಗಳಲ್ಲಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮಧ್ಯಾಂಕ ವೇತನವೆಷ್ಟು, ಎಷ್ಟು ಮಂದಿ ಮುಂದಿನ ಓದಿಗೆ ಹೋದರು ಎಂಬುದೆಲ್ಲವೂ ಅಲ್ಲಿರುತ್ತದೆ. ಸೇರಿದವರ ಸಂಖ್ಯೆಗೂ ಅವಧಿಯೊಳಗೆ ತೇರ್ಗಡೆಯಾದವರ ಸಂಖ್ಯೆಗೂ ಅಂತರ ದೊಡ್ಡದಿದ್ದರೆ ಅಲ್ಲೇ ನಿಂತು ಯೋಚಿಸಿ. ಬ್ಯಾಕ್‌ಲಾಗ್ (ಪಾಸಾಗದ ವಿಷಯ) ಉಳಿದವರನ್ನು ಅನೇಕ ಕಂಪನಿಗಳು ಸಂದರ್ಶನಕ್ಕೇ ಕರೆಯುವುದಿಲ್ಲ; ಮೇಲಾಗಿ ಒಂದು ವರ್ಷ ಹೆಚ್ಚು ಓದುವುದೆಂದರೆ ಒಂದು ವರ್ಷದ ಖರ್ಚು ಹೆಚ್ಚು, ಒಂದು ವರ್ಷದ ಸಂಬಳ ಕಡಿಮೆ. ಅದೇ ಕಡತದಲ್ಲಿ ಅಧ್ಯಾಪಕರ ಪಟ್ಟಿಯೂ ಅವರು ಸೇರಿದ ದಿನಾಂಕವೂ ಇರುತ್ತವೆ. ಹೆಚ್ಚಿನವರು ಕಳೆದ ಒಂದೆರಡು ವರ್ಷಗಳಲ್ಲಿ ಸೇರಿದವರೇ ಆಗಿದ್ದರೆ, ಅಲ್ಲಿ ಅಧ್ಯಾಪಕರು ನಿಲ್ಲುತ್ತಿಲ್ಲವೇಕೆ ಎಂದು ವಿಚಾರಿಸಬೇಕಾಗುತ್ತದೆ. ಒಂದು ಮಿತಿಯನ್ನೂ ಹೇಳಬೇಕು: ಈ ಅಂಕಿಗಳನ್ನು ಸಂಸ್ಥೆಯೇ ಕೊಟ್ಟಿರುತ್ತದೆ ಮತ್ತು ಎಲ್ಲ ವಿಭಾಗಗಳನ್ನೂ ಒಟ್ಟು ಸೇರಿಸಿ ಕೊಟ್ಟಿರುತ್ತದೆ. ಆದ್ದರಿಂದ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಕಂಡು, ಮಗ ಸೇರಲಿರುವ ವಿಭಾಗದ್ದೇ ಪಟ್ಟಿ ಕೇಳಿ. ಒಬ್ಬ ವಿದ್ಯಾರ್ಥಿಗೆ ಮೂರು ಕಂಪನಿಗಳಿಂದ ಕರೆ ಬಂದರೆ ಅದನ್ನು ಮೂರು ಎಂದು ಎಣಿಸುವ ರೂಢಿ ಕೆಲವೆಡೆ ಇದೆ. ಎಷ್ಟು ಆಫರ್ ಎಂದು ಕೇಳುವುದಕ್ಕಿಂತ ಎಷ್ಟು ವಿದ್ಯಾರ್ಥಿಗಳು ಎಂದು ಕೇಳುವುದು ಮುಖ್ಯ.

ಇನ್ನು ಸಾಲ. ಬಡ್ಡಿ ವರ್ಷಕ್ಕೆ ಶೇ 10 ಎಂದು ಹಿಡಿಯೋಣ. ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ ಹಣ ಬಿಡುಗಡೆಯಾಗುತ್ತದೆ ಎಂದುಕೊಳ್ಳೋಣ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಆ ಅವಧಿಯಲ್ಲೂ ಸರಳ ಬಡ್ಡಿ ಸೇರುತ್ತಲೇ ಇರುತ್ತದೆ ಎಂಬುದು ಹಲವರಿಗೆ ಮನವರಿಕೆಯಾಗುವುದು ಕಂತು ಶುರುವಾದಾಗಲೇ. ಮೊದಲ 2 ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು ವರ್ಷದ್ದು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು, ಒಟ್ಟು 2.80 ಲಕ್ಷ. ಅಂದರೆ ಮರುಪಾವತಿ ಆರಂಭವಾಗುವಾಗ ಸಾಲ 10.80 ಲಕ್ಷವಾಗಿರುತ್ತದೆ. ಅದನ್ನು ಏಳು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,900 ರೂಪಾಯಿ ಕಟ್ಟಬೇಕು. ಕೊನೆಗೆ ಕಟ್ಟಿದ ಮೊತ್ತ 15 ಲಕ್ಷವನ್ನು ದಾಟುತ್ತದೆ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಸಾಮೂಹಿಕವಾಗಿ ನೇಮಿಸಿಕೊಳ್ಳುವ ಹೊಸಬರ ವೇತನ ಬಹಳ ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ಇದೆ. ಆ ಸಂಬಳದಲ್ಲಿ 17,900 ಕಳೆದರೆ ಬೆಂಗಳೂರಿನಲ್ಲಿ ಬಾಡಿಗೆ ಮತ್ತು ಊಟಕ್ಕೆ ಉಳಿಯುವುದು ಸಾಲದು, ಮಗನಿಗೆ ನೀವೇ ಊರಿನಿಂದ ಹಣ ಕಳುಹಿಸಬೇಕಾಗಬಹುದು. ತೋಟದ ಆದಾಯ ಕೈಗೆ ಬರುವುದು ಕೊಯ್ಲಿನ ನಂತರ. ಮಳೆ ಜೋರಾಗಿ ಕೊಳೆರೋಗ ಬಂದ ವರ್ಷ ಅದೂ ಅರ್ಧಕ್ಕಿಳಿಯಬಹುದು. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ.

ಮ್ಯಾನೇಜ್‌ಮೆಂಟ್ ಸೀಟಿಗೆ ಇನ್ನೂ ಒಂದು ತೊಡಕಿದೆ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ 3ರ ಬಡ್ಡಿ ಸಹಾಯಧನವೂ ಉಂಟು. ಆದರೆ ಈ ಸೌಲಭ್ಯ ಅರ್ಹತೆಯ ಮೇಲೆ ಸೀಟು ಪಡೆದವರಿಗೆ. ಮ್ಯಾನೇಜ್‌ಮೆಂಟ್ ಕೋಟಾದವರು ಇದರ ಹೊರಗುಳಿಯುತ್ತಾರೆ. ಸಾಮಾನ್ಯ ಶಿಕ್ಷಣ ಸಾಲದಲ್ಲಿ 7.5 ಲಕ್ಷವನ್ನು ಮೀರಿದರೆ ಬ್ಯಾಂಕು ಆಸ್ತಿಯ ಭದ್ರತೆ ಕೇಳುತ್ತದೆ. ನಿಮ್ಮ ವಿಷಯದಲ್ಲಿ ಅದು ತೋಟದ ಪಹಣಿಯೇ ಆಗಿರುತ್ತದೆ.

ಹಾಗೆಂದು ಬೆಂಗಳೂರೇ ಬೇಡ ಎಂದಲ್ಲ. ಅಲ್ಲಿ ಇಂಟರ್ನ್‌ಶಿಪ್ ಸುಲಭವಾಗಿ ಸಿಗುತ್ತದೆ, ಕಂಪನಿಗಳು ಹತ್ತಿರದಲ್ಲಿವೆ, ಜೊತೆಯಲ್ಲಿ ಓದುವವರಿಂದ ಕಲಿಯುವುದೂ ಬಹಳವಿರುತ್ತದೆ. ಆದ್ದರಿಂದ ಆಪ್ಷನ್ ಎಂಟ್ರಿಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಹಳೆಯ, ಹೆಸರುಳ್ಳ ಕಾಲೇಜುಗಳನ್ನು ಮೊದಲು ಬರೆಯಿರಿ. 1917ರಲ್ಲಿ ವಿಶ್ವೇಶ್ವರಯ್ಯನವರ ಕಾಳಜಿಯಿಂದ ಆರಂಭವಾದ ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಂತಹ ಸಾರ್ವಜನಿಕ ಸಂಸ್ಥೆಗಳನ್ನು ಮರೆಯಬೇಡಿ. ರ‍್ಯಾಂಕು ಸಾಲದೆಂದು ನೀವೇ ಮುಂಚಿತವಾಗಿ ಬಿಟ್ಟುಬಿಡಬಾರದು. ಸಿಗದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದನ್ನು ಕಳೆದುಕೊಳ್ಳುತ್ತೇವೆ ಎಂಬ ಭಯಕ್ಕೆ ಆಧಾರವಿಲ್ಲ. ಹಿಂದಿನ ವರ್ಷಗಳ ಕಟ್-ಆಫ್ ರ‍್ಯಾಂಕುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕಾಲೇಜುವಾರು, ವಿಭಾಗವಾರು ಪ್ರಕಟಿಸುತ್ತದೆ. ಮೂರ್ನಾಲ್ಕು ವರ್ಷಗಳದ್ದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ಕಾಲೇಜಿನ ಬೇಡಿಕೆ ಏರುತ್ತಿದೆ, ಯಾವುದರದ್ದು ಇಳಿಯುತ್ತಿದೆ ಎಂಬುದು ತಿಳಿಯುತ್ತದೆ. ಮಗ ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿಯನ್ನೂ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ಮೀಸಲಾತಿಯನ್ನೂ ಕೇಳಬಹುದು. ಮೊದಲನೆಯದು ಶೇ 15, ಎರಡನೆಯದು ಶೇ 5. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಅರ್ಹರಿದ್ದೂ, ಪ್ರಮಾಣಪತ್ರಗಳನ್ನು ಸಮಯಕ್ಕೆ ಮಾಡಿಸದೆ ಈ ಸೌಲಭ್ಯಗಳನ್ನು ಕಳೆದುಕೊಳ್ಳುತ್ತಾರೆ ಎಂಬುದು ನಿಜಕ್ಕೂ ನೋವಿನ ಸಂಗತಿ.

ಜಿಲ್ಲೆಯೊಳಗೇ ನೋಡುವುದಾದರೆ ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಮತ್ತು ಹಳಿಯಾಳ, ಭಟ್ಕಳಗಳ ಖಾಸಗಿ ಕಾಲೇಜುಗಳಿವೆ. ಸ್ವಾಯತ್ತವಲ್ಲದ ಕಾಲೇಜುಗಳಲ್ಲಿ ಪಠ್ಯವೂ ಪ್ರಶ್ನೆಪತ್ರಿಕೆಯೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ ಆಗಿರುವುದರಿಂದ, ಪದವಿಯ ಮಟ್ಟಿಗೆ ಬೆಂಗಳೂರಿನ ಸಾಧಾರಣ ಕಾಲೇಜಿಗೂ ಇವುಗಳಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಪಾಠದಲ್ಲಿ, ಪ್ರಯೋಗಾಲಯದಲ್ಲಿ, ಬರುವ ಕಂಪನಿಗಳಲ್ಲಿ. ಅದನ್ನು ತಿಳಿಯಲು ತರಗತಿ ನಡೆಯುತ್ತಿರುವ ದಿನ ಹೋಗಿ. ಪ್ರವೇಶ ವಿಭಾಗದವರು ತೋರಿಸುವ ಸಭಾಂಗಣವನ್ನು ನೋಡಿ ಹಿಂದಿರುಗಬೇಡಿ. ಪ್ರಯೋಗಾಲಯದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಒಂದು ಯಂತ್ರದ ಮುಂದೆ ಎಷ್ಟು ಮಕ್ಕಳಿದ್ದಾರೆ, ಕೆಲಸ ಮಾಡುತ್ತಿರುವವರು ಯಾರು, ಬರೆದುಕೊಳ್ಳುತ್ತಾ ಸುಮ್ಮನೆ ನಿಂತವರು ಎಷ್ಟು ಮಂದಿ ಎಂದು ಗಮನಿಸಿ. ಕ್ಯಾಂಟೀನಿನಲ್ಲಿ ಮೂರನೆಯ ವರ್ಷದವರು ಸಿಕ್ಕರೆ, ಈಚೆಗೆ ಓದು ಮುಗಿಸಿದ ಬ್ಯಾಚಿನವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಮಕ್ಕಳು ಸಾಮಾನ್ಯವಾಗಿ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ.

ಕೊನೆಯದಾಗಿ, ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಗದಿತ ಶುಲ್ಕದ ಹೊರತಾಗಿ ಪಡೆಯುವ ವಂತಿಗೆಯನ್ನು ನಮ್ಮ ರಾಜ್ಯದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ. ರಸೀದಿ ಇಲ್ಲದ ಹಣಕ್ಕೆ ಮುಂದೆ ಯಾರೂ ಹೊಣೆಯಾಗುವುದಿಲ್ಲ.

ಪ್ರಶ್ನೆ: ನಮ್ಮೂರು ಕಾರವಾರ. ಮಗಳಿಗೆ ಜೀವಶಾಸ್ತ್ರದಲ್ಲಿ ಆಸಕ್ತಿ, ಬಿ.ಎಸ್ಸಿ. ಮಾಡುತ್ತೇನೆ ಎನ್ನುತ್ತಾಳೆ. ಇಲ್ಲಿನ ಸರ್ಕಾರಿ ಕಾಲೇಜಿಗೆ ಸೇರಿಸಿದರೆ ಮುಂದೆ ದಾರಿಯಿಲ್ಲ, ದೊಡ್ಡ ಊರಿನ ಖಾಸಗಿ ವಿಶ್ವವಿದ್ಯಾಲಯಕ್ಕೇ ಸೇರಿಸಿ ಎಂದು ಬಂಧುಗಳು ಒತ್ತಾಯಿಸುತ್ತಿದ್ದಾರೆ. ಅಲ್ಲಿನ ಒಂದು ವರ್ಷದ ಶುಲ್ಕ ಇಲ್ಲಿ ಮೂರು ವರ್ಷ ಓದಿಸುವ ಖರ್ಚಿಗಿಂತ ಎಷ್ಟೋ ಹೆಚ್ಚು.

ಉತ್ತರ: ಮೂಲ ವಿಜ್ಞಾನದಲ್ಲಿ ಪದವಿಯೊಂದೇ ಕೆಲಸ ಕೊಡುವುದು ಅಪರೂಪ; ಸ್ನಾತಕೋತ್ತರ ಪದವಿಯವರೆಗೆ, ಸಾಧ್ಯವಾದರೆ ಸಂಶೋಧನೆಯವರೆಗೆ ಹೋಗಬೇಕಾಗುತ್ತದೆ. ಓದು ದೀರ್ಘವಾದ್ದರಿಂದ ಹಣವನ್ನು ಮೊದಲ ಮೂರು ವರ್ಷಗಳಲ್ಲಿಯೇ ಮುಗಿಸಿಬಿಡುವುದು ಜಾಣತನವಲ್ಲ. ಕಾರವಾರದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು, ಅಂಕೋಲಾದ ಗೋಖಲೆ ಸೆಂಟೆನರಿ ಕಾಲೇಜು, ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, ಶಿರಸಿಯ ಎಂ.ಎಂ. ಕಾಲೇಜು ಇವೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಆ ವಿಶ್ವವಿದ್ಯಾಲಯದ ಪದವಿಗೆ ಎಲ್ಲಿಯೂ ಮನ್ನಣೆಯಿದೆ. ಎಂ.ಎಸ್ಸಿ. ಪ್ರವೇಶಕ್ಕಿರುವ ಐಐಟಿಗಳ ಜ್ಯಾಮ್ ಪರೀಕ್ಷೆಯಾಗಲಿ, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿಯಾಗಲಿ, ಅಭ್ಯರ್ಥಿ ಯಾವ ಊರಿನ ಕಾಲೇಜಿನಿಂದ ಬಂದವಳು ಎಂದು ನೋಡುವುದಿಲ್ಲ.

ನಿಮ್ಮ ಊರಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಊರಿನವರೇ ಕಡೆಗಣಿಸುತ್ತಾರೆ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇರುವುದು ಧಾರವಾಡದಲ್ಲಲ್ಲ, ಕಾರವಾರದ ಕೋಡಿಬಾಗದಲ್ಲಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಗೋವಾದ ದೋನಾ ಪಾವ್ಲಾದಲ್ಲಿದ್ದು, ಇಲ್ಲಿಂದ ಬಹಳ ದೂರವೇನಲ್ಲ. ಕಾಳಿ ನದಿ ಸಮುದ್ರ ಸೇರುವ ಅಳಿವೆಯೂ ಅಲ್ಲಿನ ಕಾಂಡ್ಲಾ ಗಿಡಗಳೂ ಮನೆಯ ಹತ್ತಿರದಲ್ಲೇ ಇರುವಾಗ, ಜೀವಶಾಸ್ತ್ರದಲ್ಲಿ ನಿಜವಾದ ಆಸಕ್ತಿಯಿರುವ ಹುಡುಗಿಗೆ ನೋಡಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕೊರತೆಯನ್ನೂ ಮರೆಮಾಚುವುದಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ಬಹಳವಾಗಿ ಅವಲಂಬಿಸಿವೆ. ಅವರಲ್ಲಿ ಅನೇಕರು ಶ್ರದ್ಧೆಯಿಂದ ಪಾಠ ಮಾಡುತ್ತಾರೆ. ಆದರೆ ಅವರ ನೇಮಕವೇ ತಡವಾದರೆ ಸೆಮಿಸ್ಟರಿನ ಆರಂಭದ ವಾರಗಳು ಪಾಠವಿಲ್ಲದೆ ಕಳೆಯುತ್ತವೆ. ಆದ್ದರಿಂದ ಸೇರುವ ಮೊದಲು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳಲ್ಲಿ ಕಾಯಂ ಅಧ್ಯಾಪಕರು ಎಷ್ಟಿದ್ದಾರೆ ಎಂದು ಪ್ರಾಂಶುಪಾಲರನ್ನೇ ಕೇಳಿ, ಮತ್ತು ಅದೇ ಪ್ರಶ್ನೆಯನ್ನು ಪಕ್ಕದ ತಾಲ್ಲೂಕಿನ ಅನುದಾನಿತ ಕಾಲೇಜಿನಲ್ಲಿಯೂ ಕೇಳಿ. ಅಂಕೋಲಾದ ಉತ್ತರ ಹೆಚ್ಚು ತೃಪ್ತಿಕರವಾಗಿದ್ದರೆ ಅಲ್ಲಿಗೇ ಸೇರಿಸಿ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಮಗಳ ಓಡಾಟಕ್ಕೆ ಖರ್ಚಿಲ್ಲ. ಹೀಗೆ ಉಳಿದ ಹಣವನ್ನು ಎಂ.ಎಸ್ಸಿ.ಗೆಂದು ಪ್ರತ್ಯೇಕವಾಗಿ ಇಡಿ. ಒಂದು ಮಾಹಿತಿ: ಕೆಲವು ವರ್ಷ ರೂಢಿಯಲ್ಲಿದ್ದ ನಾಲ್ಕು ವರ್ಷದ ಪದವಿಯ ವ್ಯವಸ್ಥೆಯನ್ನು ಕೈಬಿಟ್ಟು, ರಾಜ್ಯ ಸರ್ಕಾರ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಖಾಸಗಿ ವಿಶ್ವವಿದ್ಯಾಲಯದೊಂದಿಗೆ ಹೋಲಿಸುವಾಗ ಅಲ್ಲಿನ ಕೋರ್ಸು ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಒಟ್ಟು ವೆಚ್ಚ ಅದರ ಮೇಲೆ ನಿಂತಿದೆ.

ಪ್ರಶ್ನೆ: ಜಾಹೀರಾತುಗಳಲ್ಲಿ ನ್ಯಾಕ್ ಎ ಪ್ಲಸ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ನಂಬಿ ಸೇರಬಹುದೇ? (ಕುಮಟಾ)

ಉತ್ತರ: ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆಯಲು 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಇಡೀ ಸಂಸ್ಥೆಯನ್ನು ಪರಿಶೀಲಿಸುತ್ತದೆ, ನೀವು ಸೇರುವ ವಿಭಾಗವನ್ನಲ್ಲ. ಮೌಲ್ಯಮಾಪನ ನಡೆದ ವರ್ಷ ಯಾವುದು, ಅವಧಿ ಮುಗಿದಿದೆಯೇ ಎಂದು ನೋಡಿ. ಎಂಜಿನಿಯರಿಂಗ್ ಆದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆ ಹೆಚ್ಚು ಉಪಯುಕ್ತ. ಅದನ್ನು ಒಂದೊಂದು ಕೋರ್ಸಿಗೂ ಪ್ರತ್ಯೇಕವಾಗಿ, ನಿಗದಿತ ಅವಧಿಗೆ ಕೊಡುತ್ತಾರೆ. ಸಿವಿಲ್ ವಿಭಾಗಕ್ಕೆ ಸಿಕ್ಕ ಮಾನ್ಯತೆಯನ್ನು ತೋರಿಸಿ, ಹೊಸದಾಗಿ ತೆರೆದ ಕೋರ್ಸಿನ ಸೀಟು ತುಂಬಿಸಿಕೊಳ್ಳಲು ಅವಕಾಶ ಕೊಡಬೇಡಿ.

ಪ್ರಶ್ನೆ: ಮಗ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಎಂಜಿನಿಯರ್ ಆಗಬೇಕೆಂಬ ಆಸೆಯಿದೆ, ಆದರೆ ಪಿಯುಸಿ ಜೊತೆಗೆ ಕೋಚಿಂಗ್‌ಗೆ ಹಣ ಹೊಂದಿಸುವುದು ನಮಗೆ ಕಷ್ಟ. (ಹೊನ್ನಾವರ)

ಉತ್ತರ: ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿಸಿ. ಶುಲ್ಕ ಬಹಳ ಕಡಿಮೆ. ಮುಗಿದ ಮೇಲೆ ಡಿಪ್ಲೊಮಾದವರಿಗೆಂದೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಪಿಯುಸಿ ದಾರಿಯಲ್ಲಿ ಎರಡು ಮತ್ತು ನಾಲ್ಕು ಸೇರಿ ಆರು ವರ್ಷವಾದರೆ, ಇಲ್ಲಿಯೂ ಮೂರು ಮತ್ತು ಮೂರು ಸೇರಿ ಆರೇ ವರ್ಷ. ದುಬಾರಿಯಾದ ಎಂಜಿನಿಯರಿಂಗ್ ಶುಲ್ಕದಲ್ಲಿ ಒಂದು ವರ್ಷದ್ದು ಉಳಿಯುತ್ತದೆ, ಮತ್ತು ನಡುವೆ ಮನೆಯ ಪರಿಸ್ಥಿತಿ ಬದಲಾದರೆ ಡಿಪ್ಲೊಮಾದ ಮೇಲೆಯೇ ಕೆಲಸಕ್ಕೆ ಸೇರಬಹುದು. ಮೊದಲ ವರ್ಷ ಗಣಿತ ಗಟ್ಟಿಯಾಗಲಿ. ಎರಡನೆಯ ವರ್ಷದ ಎಂಜಿನಿಯರಿಂಗ್ ತರಗತಿಗೆ ಹೋದ ಡಿಪ್ಲೊಮಾ ಮಕ್ಕಳಿಗೆ ಕಷ್ಟವಾಗುವುದು ಹೆಚ್ಚಾಗಿ ಅದರಲ್ಲಿಯೇ.

ಪ್ರಶ್ನೆ: ಸೀಟು ಸಿಗದೇ ಹೋದೀತೆಂಬ ಆತಂಕದಿಂದ ಖಾಸಗಿ ಕಾಲೇಜೊಂದರಲ್ಲಿ ಶುಲ್ಕ ಕಟ್ಟಿ ಮಗಳನ್ನು ಸೇರಿಸಿದೆವು. ಈಗ ಕೌನ್ಸೆಲಿಂಗ್‌ನಲ್ಲಿ ಅವಳಿಗೆ ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಖಾಸಗಿ ಕಾಲೇಜಿನವರು ಹಣವನ್ನೂ ಕೊಡುವುದಿಲ್ಲ, ಮೂಲ ಅಂಕಪಟ್ಟಿಯನ್ನೂ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಅಲ್ಲಿಯೇ ಮುಂದುವರಿಸುವುದು ಒಳ್ಳೆಯದೇ? (ಅಂಕೋಲಾ)

ಉತ್ತರ: ಕಟ್ಟಿದ ಹಣ ಹೋಗುತ್ತದೆಂಬ ಕಾರಣಕ್ಕೆ ಇನ್ನೂ ಮೂರ್ನಾಲ್ಕು ವರ್ಷ ಅಲ್ಲಿಯೇ ಹಣ ಕಟ್ಟುತ್ತಾ ಹೋಗುವುದು ಸರಿಯಲ್ಲ. ಮಗಳಿಗೆ ಕಾಡು, ಗಿಡ, ಹೊರಗಿನ ಕೆಲಸಗಳಲ್ಲಿ ಮನಸ್ಸಿದ್ದರೆ ಶಿರಸಿಯ ಸೀಟನ್ನು ಬಿಡಬೇಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಸರ್ಕಾರಿ ಕಾಲೇಜು ಅದು. ಪಶ್ಚಿಮ ಘಟ್ಟದ ಕಾಡಿನ ನಡುವೆ ಅರಣ್ಯಶಾಸ್ತ್ರವನ್ನು ಕಲಿಸುವ ಕಾಲೇಜುಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟೇ ಇವೆ. ಶುಲ್ಕ ಕಡಿಮೆ ಎಂಬ ಕಾರಣಕ್ಕೆ ಅದನ್ನು ಕಡಿಮೆ ದರ್ಜೆಯದೆಂದು ಭಾವಿಸುವವರ ಮಾತಿಗೆ ಕಿವಿಗೊಡಬೇಡಿ.

ಹಣದ ವಿಷಯದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿಯೇ ಸ್ಪಷ್ಟ ನಿಯಮ ಮಾಡಿದೆ. ಪ್ರವೇಶದ ಅಧಿಕೃತ ಕೊನೆಯ ದಿನಾಂಕಕ್ಕೆ ಹದಿನೈದು ದಿನ ಅಥವಾ ಅದಕ್ಕಿಂತ ಮೊದಲೇ ಸೀಟು ಬಿಟ್ಟರೆ, ಅಲ್ಪ ಸಂಸ್ಕರಣಾ ವೆಚ್ಚವನ್ನು ಕಳೆದು ಪೂರ್ಣ ಶುಲ್ಕವನ್ನು ಹಿಂದಿರುಗಿಸಬೇಕು. ಕೊನೆಯ ಹದಿನೈದು ದಿನಗಳೊಳಗಾದರೆ ಶೇ 90, ಕೊನೆಯ ದಿನಾಂಕ ಕಳೆದು ಹದಿನೈದು ದಿನದೊಳಗಾದರೆ ಶೇ 80, ಮೂವತ್ತು ದಿನದೊಳಗಾದರೆ ಶೇ 50. ಅದರ ನಂತರ ಏನೂ ಸಿಗುವುದಿಲ್ಲ. ಆದ್ದರಿಂದ ಒಂದು ದಿನವನ್ನೂ ತಡಮಾಡಬೇಡಿ. ಮೂಲ ಅಂಕಪಟ್ಟಿಯನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ತಮ್ಮಲ್ಲಿ ಇಟ್ಟುಕೊಳ್ಳುವ ಅಧಿಕಾರ ಕಾಲೇಜಿಗಿಲ್ಲ. ಸೀಟು ಬಿಡುತ್ತಿರುವುದಾಗಿ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ದಿನಾಂಕಸಹಿತ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಸ್ವೀಕರಿಸಲು ಒಪ್ಪದಿದ್ದರೆ ಅದೇ ದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಇ-ಮೇಲ್ ಕೂಡ ಮಾಡಿ. ಎಷ್ಟು ಹಣ ಹಿಂದಿರುಗಬೇಕೆಂಬುದನ್ನು ನಿರ್ಧರಿಸುವುದು ಆ ದಿನಾಂಕವೇ. ಆಮೇಲೂ ಕೊಡದಿದ್ದರೆ ಶುಲ್ಕದ ರಸೀದಿ ಮತ್ತು ಅರ್ಜಿಯ ಪ್ರತಿಯೊಂದಿಗೆ ಯುಜಿಸಿಯ ಇ-ಸಮಾಧಾನ್ ಜಾಲತಾಣದಲ್ಲಿ ದೂರು ದಾಖಲಿಸಿ, ಆ ಕಾಲೇಜು ಸೇರಿರುವ ವಿಶ್ವವಿದ್ಯಾಲಯದ ಕುಲಸಚಿವರಿಗೂ ಒಂದು ಪ್ರತಿ ಕಳುಹಿಸಿ. ಅಂಕಪಟ್ಟಿ ಕೈಗೆ ಬರುವುದು ತಡವಾಗಬಹುದೆಂದು ಅನ್ನಿಸಿದರೆ, ಶಿರಸಿಯಲ್ಲಿ ವರದಿ ಮಾಡಿಕೊಳ್ಳುವ ಕೊನೆಯ ದಿನಕ್ಕೆ ಕಾಯದೆ ಇಂದೇ ಅಲ್ಲಿನ ಪ್ರವೇಶ ವಿಭಾಗಕ್ಕೆ ಹೋಗಿ, ಅರ್ಜಿಯ ಸ್ವೀಕೃತಿಯನ್ನು ತೋರಿಸಿ ವಿಷಯವನ್ನು ತಿಳಿಸಿಡಿ.